ಚೊಂಬಿನ ಬಾಯಿ ದುಂಡಗಿಲ್ಲ

ಚಿತ್ರ ಬರೆಯುವುದು ಕೇವಲ ಕೈಯ ಕುಶಲತೆಯೆಂದು ಅನೇಕರ ಭಾವನೆ. ಆದರೆ ಮೇಜಿನ ಮೇಲೆ ಒಂದು ಹಿತ್ತಾಳೆಯ ಚೊಂಬನ್ನೂ ಒಂದು ಮಣ್ಣಿನ ಮಡಕೆಯನ್ನೂ ಇಟ್ಟುಕೊಂಡು ಬರೆಯಲು ಕುಳಿತರೆ, ಮೊದಲು ಅಡ್ಡ ಬರುವುದು ಕೈಯಲ್ಲ, ನಮ್ಮ ತಿಳಿವಳಿಕೆ! ಚೊಂಬಿನ ಬಾಯಿ ದುಂಡಗಿದೆಯೆಂದು ಹೊಸಬನು ಬಲ್ಲನು. ಆದುದರಿಂದ ದುಂಡಗೆ ಬರೆಯುತ್ತಾನೆ. ತಳವು ಸಮನಾಗಿ ಕೂತಿದೆಯೆಂದು ಬಲ್ಲನು. ಆದುದರಿಂದ ಅಲ್ಲಿ ನೇರ ಗೆರೆ ಎಳೆಯುತ್ತಾನೆ. ಎರಡೂ ಅವನ ಕಣ್ಣಿಗೆ ಕಂಡದ್ದಲ್ಲ.

ವಾಚಕರು ಒಂದು ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಲಿ. ಬಾಯಿ ಒಂದು ಗೆರೆಯಾಗಿ ತೋರುವುದು. ಮೆಲ್ಲಗೆ ಕೆಳಗಿಳಿಸಿದಂತೆ ಗೆರೆ ತೆರೆದುಕೊಂಡು ಅಂಡಾಕಾರವಾಗುತ್ತದೆ. ಮೇಜಿನ ಮೇಲಿನ ಚೊಂಬಿನ ತಳವು ಬಾಯಿಗಿಂತಲೂ ಕೆಳಗಿರುವುದರಿಂದ ಅದರ ಬಾಗು ಇನ್ನೂ ಹೆಚ್ಚು. ಮೇಜಿನ ಎರಡು ಪಕ್ಕದ ಅಂಚುಗಳೂ ದೂರ ಹೋದಂತೆ ಒಂದನ್ನೊಂದು ಸಮೀಪಿಸುತ್ತವೆ. ಇದೇ ಯಥಾದರ್ಶನ, ಅರ್ಥಾತ್ ಪರ್ಸ್‌ಪೆಕ್ಟಿವ್. ಇಟಲಿಯ ಆಲ್ಬೆರ್ಟಿ 1435ರಲ್ಲಿಯೇ ಇದನ್ನು ಗ್ರಂಥರೂಪದಲ್ಲಿ ವಿವರಿಸಿದ್ದನು.

ಇದಕ್ಕಿಂತ ಕಠಿನವಾದುದು ಬೆಳಕು ನೆರಳಿನ ತರತಮ. ಕಾಗದದ ಬಿಳುಪನ್ನು ಒಂದನೆಯದೆಂದೂ ಇದ್ದಿಲಿನ ದಟ್ಟ ಕಪ್ಪನ್ನು ಐದನೆಯದೆಂದೂ ಇಟ್ಟುಕೊಂಡು, ನಡುವೆ ಮೂರು ಮೆಟ್ಟಿಲು ಮಾಡಿಕೊಳ್ಳಬೇಕು. ಬಳಿಕ ಕಣ್ಣನ್ನು ಅರೆಮುಚ್ಚಿ ನೋಡಬೇಕು. ಸಣ್ಣಪುಟ್ಟ ವಿವರಗಳು ಅಳಿದು ದೊಡ್ಡ ಬೆಳಕು, ದೊಡ್ಡ ನೆರಳು ಮಾತ್ರ ಉಳಿಯುತ್ತವೆ. ಮಡಕೆಯ ಮೇಲೆ ಬೆಳಕು ಮೆತ್ತಗೆ ಇಳಿಯುತ್ತದೆ. ಅತಿ ಗಾಢವಾದ ಕಪ್ಪು ಅಂಚಿನಲ್ಲಿರದೆ ಕೊಂಚ ಒಳಗಿರುತ್ತದೆ; ಮೇಜಿನಿಂದ ಮರಳಿದ ಬೆಳಕು ಅಂಚನ್ನು ತುಸು ತಿಳಿಯಾಗಿಸುವುದೇ ಕಾರಣ. ಬೆಳಗಿದ ಹಿತ್ತಾಳೆಯ ರೀತಿಯೇ ಬೇರೆ. ಅದು ಕಿಟಕಿಯನ್ನೇ ಮೈಮೇಲೆ ಹೊತ್ತಿರುತ್ತದೆ. ಅಚ್ಚ ಬಿಳಿಯ ಪಕ್ಕದಲ್ಲಿಯೇ ಕಡುಕಪ್ಪಿನ ಪಟ್ಟಿ. ಆ ಕಪ್ಪಿಗೆ ಅಂಜಿ ತೆಳುವಾಗಿ ಬಳಿದರೆ ಚೊಂಬು ಸೀಸದ್ದಾಗಿಬಿಡುತ್ತದೆ.

ಚೊಂಬು ಮಡಕೆಗಳಿಗೆ ಇಷ್ಟು ಆರಾಧನೆಯೇ ಎಂದು ಕೆಲವರು ನಗಬಹುದು. ಆ ನಗೆ ಹಳೆಯದು. 1667ರಲ್ಲಿ ಫ್ರಾನ್ಸಿನ ಫೆಲಿಬಿಯೆನ್ ಚಿತ್ರಗಳಿಗೆ ದರ್ಜೆ ಕಟ್ಟಿ, ನಿರ್ಜೀವ ವಸ್ತುಗಳ ಚಿತ್ರವನ್ನು ಕೆಳಸಾಲಿನಲ್ಲಿ ಕೂರಿಸಿದನು. ಆದರೂ ಬಡಗಿಯೊಬ್ಬನ ಮಗನಾದ ಶಾರ್ದಾಂ (1699–1779) ಅಂತಹ ಚಿತ್ರಗಳಿಂದಲೇ 1728ರಲ್ಲಿ ರಾಜರ ಅಕಾಡೆಮಿಯನ್ನು ಪ್ರವೇಶಿಸಿದನು. ನೀರು ತುಂಬಿಡುವ ತಾಮ್ರದ ಹಂಡೆಯೊಂದನ್ನು ಅವನು ಬರೆದಿದ್ದಾನೆ. ಅದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ನಮ್ಮ ಬಚ್ಚಲ ಹಂಡೆಯ ನೆಂಟನೊಬ್ಬನು ಅಷ್ಟು ದೊಡ್ಡ ಮನೆಯಲ್ಲಿರುವನೆಂದು ಯಾರೂ ನನಗೆ ಹೇಳಿರಲಿಲ್ಲ.

ಉಳಿದದ್ದು ಗೆರೆಯ ಮಾತು. ಮಡಕೆಗೆ ಇದ್ದಿಲನ್ನು ಅಡ್ಡಲಾಗಿ ಹಿಡಿದು ಎಳೆದರೆ ಕಾಗದದ ತರಿಯೇ ಮಣ್ಣಿನ ತರಿಯಾಗುತ್ತದೆ. ಚೊಂಬಿಗೆ ಚೂಪಾದ ಪೆನ್ಸಿಲು ಬೇಕು; ಗೆರೆಗಳು ಅದರ ಹೊಟ್ಟೆಯ ಬಾಗನ್ನು ಅನುಸರಿಸಬೇಕು. ಸುತ್ತಲೂ ಒಂದೇ ದಪ್ಪದ ಅಂಚು ಕಟ್ಟುವುದು ತಂತಿ ಬಿಗಿದಂತೆ. ಮಡಕೆಯ ನೆರಳೂ ಹಿಂದಿನ ಗೋಡೆಯ ಕತ್ತಲೆಯೂ ಕೂಡುವ ಕಡೆಯಲ್ಲಿ ಅಂಚನ್ನು ಎಳೆಯಲೇಬಾರದು. ನೋಡುವವರ ಕಣ್ಣೇ ಅದನ್ನು ಪೂರೈಸಿಕೊಳ್ಳುತ್ತದೆ.