ಎಂಟು ಸಾವಿರ ವೋಲ್ಟ್, ಆದರೂ ಕೊಲ್ಲದ ಬೇಲಿ

ಹೊಳಲ್ಕೆರೆ ಕಡೆ ಮೆಕ್ಕೆಜೋಳ ತೆನೆ ಕಟ್ಟಿತೆಂದರೆ ರೈತರಿಗೆ ನಿದ್ದೆಯಿಲ್ಲ. ರಾತ್ರಿ ಕಾಡುಹಂದಿಗಳು ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಬೆಳೆ ನೆಲಸಮ. ಪಟಾಕಿ, ಡಬ್ಬದ ಸದ್ದು, ಹಳೇ ಸೀರೆಯ ಬೇಲಿ ಎಲ್ಲ ಮುಗಿದ ಮೇಲೆ ಕೆಲವರು ಪಂಪ್‌ಸೆಟ್ಟಿನ ಲೈನನ್ನೇ ತಂತಿಗೆ ಕೊಟ್ಟುಬಿಡುತ್ತಾರೆ. ನಮ್ಮ ಚಿಕ್ಕಪ್ಪನೂ ಅದೇ ಯೋಚನೆಯಲ್ಲಿದ್ದರು. ‘ಡಿಪ್ಲೊಮಾ ಓದ್ತಿದ್ದೀಯಲ್ಲೋ, ನೀನೇ ಕನೆಕ್ಷನ್ ಕೊಡು ಬಾ’ ಅಂದರು. ನಾನು ಒಪ್ಪಲಿಲ್ಲ. ಬದಲಿಗೆ ಬೇಲಿಯ ಪಲ್ಸ್ ಜನರೇಟರನ್ನೇ ಅಂತಿಮ ವರ್ಷದ ಪ್ರಾಜೆಕ್ಟ್ ಮಾಡಿಕೊಂಡೆ.

‘ಇದರಲ್ಲಿ ಎಂಟು ಸಾವಿರ ವೋಲ್ಟ್ ಬರುತ್ತೆ’ ಎಂದಾಗ ಚಿಕ್ಕಮ್ಮ ಹೌಹಾರಿದರು. ಮನೆಯ ಕರೆಂಟು ಬರೀ 230 ವೋಲ್ಟ್ ಅಲ್ಲವೇ? ಆದರೆ ಕೊಲ್ಲುವುದು ವೋಲ್ಟೇಜ್ ಒಂದೇ ಅಲ್ಲ, ಎಷ್ಟು ಕರೆಂಟು ಎಷ್ಟು ಹೊತ್ತು ಮೈಯಲ್ಲಿ ಹರಿಯಿತು ಎಂಬುದು. ಮನೆಯ ಕರೆಂಟು ಎಡೆಬಿಡದೆ ಹರಿಯುತ್ತದೆ, ಸ್ನಾಯು ಬಿಗಿದು ಹಿಡಿದ ಕೈ ಬಿಡಲಾಗುವುದಿಲ್ಲ. ಪಲ್ಸ್ ಹಾಗಲ್ಲ. ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ಹೊತ್ತಿನ ಒಂದು ಹೊಡೆತ, ಆಮೇಲೆ ಸುಮಾರು ಒಂದು ಸೆಕೆಂಡು ಏನೂ ಇಲ್ಲ. ಆ ಬಿಡುವಿನಲ್ಲಿ ಹಂದಿಯೂ ಹಿಂದೆ ಸರಿಯುತ್ತದೆ, ಮನುಷ್ಯನೂ ಸರಿಯುತ್ತಾನೆ.

ಒಳಗಿನ ಕೆಲಸ ಸರಳ. 12 ವೋಲ್ಟ್ ಬ್ಯಾಟರಿಯಿಂದ ಒಂದು ಇನ್ವರ್ಟರ್ ಸರ್ಕ್ಯೂಟ್ ಕೆಪಾಸಿಟರನ್ನು 600 ವೋಲ್ಟ್‌ವರೆಗೆ ತುಂಬಿಸುತ್ತದೆ. ಟೈಮರ್ ಹೇಳಿದಾಗ ಎಸ್‌ಸಿಆರ್ ಬಾಗಿಲು ತೆರೆದಂತೆ ಅದನ್ನು ಟ್ರಾನ್ಸ್‌ಫಾರ್ಮರಿಗೆ ಸುರಿಯುತ್ತದೆ, ಅಲ್ಲಿ ವೋಲ್ಟೇಜ್ ಏರಿ ತಂತಿಗೆ ಹೋಗುತ್ತದೆ. ಪರೀಕ್ಷೆಗೆ ಬರೆಯುವ ½CV² ಸೂತ್ರಕ್ಕೆ ಇಲ್ಲಿ ಜೀವ ಬಂತು: 10 ಮೈಕ್ರೋಫ್ಯಾರಡ್, 600 ವೋಲ್ಟ್ ಎಂದರೆ 1.8 ಜೌಲ್. ಬೇಲಿ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡದ ಮಿತಿ ಒಂದು ಪಲ್ಸ್‌ಗೆ 5 ಜೌಲ್.

ಹಾಗೆಂದು ಪೆಟ್ಟಿಗೆಯ ಒಳಗಡೆ ಆಟವಲ್ಲ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್ ತುಂಬಿಯೇ ಇರುತ್ತದೆ. ಅದನ್ನು ಖಾಲಿ ಮಾಡಲು ಅಡ್ಡಲಾಗಿ ರೆಸಿಸ್ಟರ್ ಹಾಕಿದ್ದೆವು. ಮೇಷ್ಟ್ರು ಎದುರಿಗಿಲ್ಲದೆ ಮುಚ್ಚಳ ತೆಗೆಯುತ್ತಿರಲಿಲ್ಲ.

ಪೀಡಿಸಿದ್ದು ಎಲೆಕ್ಟ್ರಾನಿಕ್ಸ್ ಅಲ್ಲ, ನಮ್ಮ ಮಣ್ಣು. ತಂತಿ ಮುಟ್ಟಿದ ಪ್ರಾಣಿಯ ಮೈಯಿಂದ ಕರೆಂಟು ನೆಲದ ಮೂಲಕ ಯಂತ್ರಕ್ಕೆ ವಾಪಸು ಬರಬೇಕು. ಬೇಸಿಗೆಯ ಒಣನೆಲ ಅದಕ್ಕೆ ದಾರಿ ಕೊಡುವುದಿಲ್ಲ. ಒಂದರ ಬದಲು ಮೂರು ಅರ್ಥಿಂಗ್ ರಾಡ್ ಹೂತು, ಬುಡಕ್ಕೆ ನೀರು ಹೊಯ್ದ ಮೇಲೆ ಏಟು ಸರಿಯಾಗಿ ಬಿತ್ತು. ತಂತಿಗೆ ತಾಗುವ ಹುಲ್ಲನ್ನೂ ಸವರುತ್ತಿರಬೇಕು, ಇಲ್ಲವಾದರೆ ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ.

ನಮ್ಮ ಮಾದರಿ ಕಾಲೇಜಿನಲ್ಲಿ ಉಳಿಯಿತು. ಹೊಲಕ್ಕೆ ಚಿಕ್ಕಪ್ಪ ಮಾನದಂಡದ ಮುದ್ರೆಯಿರುವ ಸೋಲಾರ್ ಬೇಲಿ ಯಂತ್ರವನ್ನೇ ಕೊಂಡರು. ಹಾಗೆ ಒತ್ತಾಯಿಸಿದ್ದು ನಾನೇ. ಕೈಯಲ್ಲಿ ಮಾಡಿದ್ದರ ಟೈಮರ್ ಕೆಟ್ಟರೆ ಏನಾದೀತೆಂದು ಮಾಡಿದವನಿಗೇ ಚೆನ್ನಾಗಿ ಗೊತ್ತು.

ಪಕ್ಕದ ಹೊಲದವರು ಮಾತ್ರ ಇನ್ನೂ ಪಂಪ್‌ಸೆಟ್ ಲೈನನ್ನೇ ನೆಚ್ಚಿದ್ದಾರೆ. ಅದು ಕಾನೂನುಬಾಹಿರ ಎಂದು ಗೊತ್ತಿದೆ, ‘ರಾತ್ರಿ ಮಾತ್ರ ಕಣಪ್ಪ’ ಅನ್ನುತ್ತಾರೆ. ಅವರ ಬದುವಿನ ಮೇಲೆಯೇ ಹುಡುಗರು ಬೆಳಗಿನ ಬಸ್ಸಿಗೆ ಓಡುವುದು. ಈ ವಾರ ಅವರನ್ನು ನಮ್ಮ ಹೊಲಕ್ಕೆ ಕರೆದಿದ್ದೇನೆ, ‘ಟಕ್ ಟಕ್’ ಸದ್ದು ಕೇಳಿಸಲು.