ಬರ್ಗನ್‌ನ ಐತಿಹಾಸಿಕ ತಾಣಗಳು ಮತ್ತು ವಸ್ತುಸಂಗ್ರಹಾಲಯಗಳು

ಬರ್ಗನ್ ನಾರ್ವೆಯ ಪಶ್ಚಿಮ ಕರಾವಳಿಯಲ್ಲಿರುವ ಬಂದರು ನಗರ. ಇದು ಆ ದೇಶದ ಎರಡನೆಯ ದೊಡ್ಡ ನಗರ. ಸಂಪ್ರದಾಯದ ಪ್ರಕಾರ ಇದನ್ನು 1070ರಲ್ಲಿ ದೊರೆ ಮೂರನೆಯ ಓಲಾವ್ ಸ್ಥಾಪಿಸಿದನು. ಮರದ ಕಟ್ಟಡಗಳೇ ಹೆಚ್ಚಾಗಿದ್ದ ಈ ನಗರವು ಅನೇಕ ಬಾರಿ ಅಗ್ನಿಗೆ ಆಹುತಿಯಾಗಿ ಮತ್ತೆ ತಲೆಯೆತ್ತಿದೆ. ಇಲ್ಲಿನ ಪ್ರಮುಖ ತಾಣಗಳಲ್ಲಿ ಹಲವು ಈ ನಾಶ ಮತ್ತು ಪುನರ್ನಿರ್ಮಾಣಗಳ ಕಥೆಯನ್ನು ಹೇಳುತ್ತವೆ.

== ಬ್ರಿಗ್ಗನ್ ==
ಬಂದರಿನ ಪೂರ್ವ ದಂಡೆಯಲ್ಲಿರುವ ಹಳೆಯ ವರ್ತಕರ ಕೇರಿಗೆ ಬ್ರಿಗ್ಗನ್ ಎಂದು ಹೆಸರು. 1360ರ ಸುಮಾರಿಗೆ ಜರ್ಮನ್ ವರ್ತಕರ ಹ್ಯಾನ್ಸಿಯಾಟಿಕ್ ಒಕ್ಕೂಟವು ಇಲ್ಲಿ ತನ್ನ ಕೋಠಿಯನ್ನು ತೆರೆಯಿತು. ಉತ್ತರ ನಾರ್ವೆಯಿಂದ ಬರುತ್ತಿದ್ದ ಒಣಗಿಸಿದ ಕಾಡ್ ಮೀನು ಮತ್ತು ದಕ್ಷಿಣದಿಂದ ಬರುತ್ತಿದ್ದ ಧಾನ್ಯ ಈ ವ್ಯಾಪಾರದ ಮುಖ್ಯ ಸರಕುಗಳು. ಇಂದು ಕಾಣುವ ಮರದ ಕಟ್ಟಡಗಳಲ್ಲಿ ಹೆಚ್ಚಿನವು 1702ರ ಅಗ್ನಿದುರಂತದ ನಂತರ ಹಳೆಯ ವಿನ್ಯಾಸದಲ್ಲಿಯೇ ಕಟ್ಟಿದವು. 1955ರಲ್ಲಿ ಕೇರಿಯ ಒಂದು ಭಾಗವು ಮತ್ತೆ ಸುಟ್ಟುಹೋಯಿತು. ಉಳಿದುದನ್ನೂ ಕೆಡವಬೇಕೆಂಬ ವಾದಗಳಿದ್ದರೂ ಸಂರಕ್ಷಣೆಯ ಪಕ್ಷವೇ ಗೆದ್ದಿತು. 1979ರಲ್ಲಿ ಯುನೆಸ್ಕೋ ಬ್ರಿಗ್ಗನ್ ಅನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

== ಬ್ರಿಗ್ಗನ್ ವಸ್ತುಸಂಗ್ರಹಾಲಯ ==
1955ರ ಬೆಂಕಿಯಿಂದ ತೆರವಾದ ನೆಲದಲ್ಲಿ ಪುರಾತತ್ತ್ವಜ್ಞ ಆಸ್ಬ್ಯೋರ್ನ್ ಹೆರ್ಟೈಗ್ ಅವರ ನೇತೃತ್ವದಲ್ಲಿ ದೀರ್ಘಕಾಲ ಉತ್ಖನನ ನಡೆಯಿತು. ಆಗ 600ಕ್ಕೂ ಹೆಚ್ಚು ರೂನ್ ಲಿಪಿಯ ಬರಹಗಳು ದೊರೆತವು. ಇವುಗಳಲ್ಲಿ ಬಹುಪಾಲು ಮರದ ಕಡ್ಡಿಗಳ ಮೇಲೆ ಕೊರೆದವು. ಸರಕಿನ ಒಡೆಯನ ಹೆಸರು, ವ್ಯಾಪಾರದ ಪತ್ರ, ಪ್ರಾರ್ಥನೆ, ಪ್ರೇಮದ ಮಾತು, ಮನೆಗೆ ಹೋಗುವಂತೆ ಹೆಂಗಸೊಬ್ಬಳು ಕಳುಹಿಸಿದ ಸಂದೇಶ ಮೊದಲಾದವು ಅವುಗಳಲ್ಲಿವೆ. ಮಧ್ಯಯುಗದ ಸಾಮಾನ್ಯ ಜನರೂ ನಿತ್ಯಜೀವನದಲ್ಲಿ ಈ ಲಿಪಿಯನ್ನು ಬಳಸುತ್ತಿದ್ದರು ಎಂಬುದು ಇವುಗಳಿಂದ ಸ್ಪಷ್ಟವಾಯಿತು. ಉತ್ಖನನದ ಸ್ಥಳದಲ್ಲಿಯೇ ಕಟ್ಟಿದ ವಸ್ತುಸಂಗ್ರಹಾಲಯವು 1976ರಲ್ಲಿ ತೆರೆಯಿತು.

== ಹ್ಯಾನ್ಸಿಯಾಟಿಕ್ ವಸ್ತುಸಂಗ್ರಹಾಲಯ ==
1872ರಲ್ಲಿ ಸ್ಥಾಪಿತವಾದ ಈ ಸಂಗ್ರಹಾಲಯವು ವರ್ತಕರ ಮತ್ತು ಅವರ ಬಳಿ ಕೆಲಸ ಕಲಿಯುತ್ತಿದ್ದ ಹುಡುಗರ ಬದುಕನ್ನು ಪರಿಚಯಿಸುತ್ತದೆ. ಬೆಂಕಿಯ ಭಯದಿಂದ ಮರದ ಕಟ್ಟಡಗಳೊಳಗೆ ಒಲೆ ಹಚ್ಚುವುದಕ್ಕೆ ನಿಷೇಧವಿತ್ತು. ಆದ್ದರಿಂದ ಅಡುಗೆ, ಊಟ ಮತ್ತು ಚಳಿಗಾಲದ ಕೂಟಗಳಿಗೆ ಹಿಂಭಾಗದಲ್ಲಿ ಶೋಟ್‌ಸ್ಟುವೆನೆ ಎಂಬ ಪ್ರತ್ಯೇಕ ಕಟ್ಟಡಗಳಿದ್ದವು. ಮುಖ್ಯ ಕಟ್ಟಡವನ್ನು 2018ರಲ್ಲಿ ಜೀರ್ಣೋದ್ಧಾರಕ್ಕಾಗಿ ಮುಚ್ಚಲಾಯಿತು.

== ಹೋಕನ್ ಸಭಾಭವನ ==
ದೊರೆ ಹೋಕನ್ ಹೋಕನ್ಸನ್ ಕಟ್ಟಿಸಿದ ಈ ಕಲ್ಲಿನ ಭವನದಲ್ಲಿ 1261ರಲ್ಲಿ ಅವನ ಮಗ ಮ್ಯಾಗ್ನಸ್‌ನ ವಿವಾಹದ ಔತಣ ನಡೆಯಿತು. 1944ರ ಏಪ್ರಿಲ್ 20ರಂದು ಬಂದರಿನಲ್ಲಿ ಸ್ಫೋಟಕಗಳನ್ನು ತುಂಬಿದ್ದ ಹಡಗೊಂದು ಸಿಡಿದಾಗ ಭವನದ ಛಾವಣಿ ಮತ್ತು ಒಳಾಂಗಣ ನಾಶವಾದವು. ಪಕ್ಕದ ರೋಸೆನ್‌ಕ್ರಾನ್ಟ್ಸ್ ಗೋಪುರಕ್ಕೂ ತೀವ್ರ ಹಾನಿಯಾಯಿತು. ಪುನರ್ನಿರ್ಮಿತ ಭವನವು 1961ರಲ್ಲಿ, ಆ ವಿವಾಹದ 700ನೆಯ ವರ್ಷದಲ್ಲಿ, ಮತ್ತೆ ತೆರೆಯಿತು.

== ಕುಷ್ಠರೋಗ ವಸ್ತುಸಂಗ್ರಹಾಲಯ ==
ಸೇಂಟ್ ಯೋರ್ಗನ್ ಆಸ್ಪತ್ರೆಯು ಶತಮಾನಗಳ ಕಾಲ ಕುಷ್ಠರೋಗಿಗಳಿಗೆ ಆಶ್ರಯ ನೀಡಿತು. ಇಲ್ಲಿನ ಕೊನೆಯ ರೋಗಿಗಳು ತೀರಿಕೊಂಡದ್ದು 1946ರಲ್ಲಿ. 1873ರಲ್ಲಿ ಬರ್ಗನ್‌ನ ವೈದ್ಯ ಗೆರ್ಹಾರ್ಡ್ ಆರ್ಮೌವರ್ ಹ್ಯಾನ್ಸೆನ್ ಈ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ರೋಗವು ವಂಶಪಾರಂಪರ್ಯವಾದುದು ಎಂಬ ನಂಬಿಕೆಗೆ ಇದರಿಂದ ಪೆಟ್ಟುಬಿದ್ದಿತು. ಇಂದಿಗೂ ಇದನ್ನು ಹ್ಯಾನ್ಸೆನ್ ಕಾಯಿಲೆ ಎಂದು ಕರೆಯುವುದುಂಟು. ನಗರದ ಕುಷ್ಠರೋಗ ದಾಖಲೆಗಳು 2001ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿದವು. ರೋಗಿಗಳು ವಾಸಿಸುತ್ತಿದ್ದ ಇಕ್ಕಟ್ಟಾದ ಕೋಣೆಗಳನ್ನು ಇಲ್ಲಿ ನೋಡಬಹುದು.

== ಸಂದರ್ಶನ ==
ಬ್ರಿಗ್ಗನ್, ಅಲ್ಲಿನ ಸಂಗ್ರಹಾಲಯಗಳು, 12ನೆಯ ಶತಮಾನದ ಮೇರಿ ಚರ್ಚು ಹಾಗೂ ಹೋಕನ್ ಸಭಾಭವನ ಪರಸ್ಪರ ಹತ್ತಿರದಲ್ಲಿದ್ದು, ನಡೆದುಕೊಂಡೇ ನೋಡಬಹುದಾಗಿವೆ. ಕುಷ್ಠರೋಗ ವಸ್ತುಸಂಗ್ರಹಾಲಯವು ರೈಲು ನಿಲ್ದಾಣದ ಬಳಿಯಿದೆ. ಬರ್ಗನ್ ಮಳೆ ಹೆಚ್ಚಾಗಿ ಬೀಳುವ ನಗರವಾದುದರಿಂದ ಬೇಸಿಗೆಯಲ್ಲಿಯೂ ಕೊಡೆ ಅಗತ್ಯ. ಕೆಲವು ಸಂಗ್ರಹಾಲಯಗಳ ಸಮಯವು ಋತುವಿಗೆ ಅನುಗುಣವಾಗಿ ಬದಲಾಗುತ್ತದೆ.