ಜ್ವರ ಬಂದ ದಿನದ ಕೂಲಿ



ಅಗಳಿ ಸೀಮೆಯಲ್ಲಿ ಮನೆ ಭೇಟಿಗೆ ಹೋದಾಗಲೆಲ್ಲ ನಾವು ಒಂದು ಸಂಗತಿ ಕಾಣುತ್ತೇವೆ. ಕಡಲೆಕಾಯಿ ಹೊಲ, ಒಂದಿಷ್ಟು ಅಡಿಕೆ, ರೇಷ್ಮೆಹುಳು, ಇವೆಲ್ಲ ತಂದೆತಾಯಿಯ ಪಾಲಿಗೆ. ಮಗನೋ ಮಗಳೋ ಬೆಂಗಳೂರಿನಲ್ಲಿ, ತುಮಕೂರಿನಲ್ಲಿ ಅಥವಾ ಹಿಂದೂಪುರದಲ್ಲಿ ಫ್ಯಾಕ್ಟರಿ ಕೆಲಸಕ್ಕೆ. ಮಳೆ ಕೈಕೊಟ್ಟ ವರ್ಷ ಒಲೆ ಉರಿಯುವುದು ಆ ಸಂಬಳದಿಂದಲೇ. ಸಂಬಳ ತರುವವರೇ ಹಾಸಿಗೆ ಹಿಡಿದರೆ ಏನು ಗತಿ?

2021ರ ಮೇ ತಿಂಗಳು, ಕೊರೊನಾದ ಎರಡನೆಯ ಅಲೆ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕಿದ್ದ ನಮ್ಮ ಧರ್ಮಕೇಂದ್ರದ ಒಬ್ಬ ಹೆಣ್ಣುಮಗಳು ಜ್ವರದಿಂದ ಊರಿಗೆ ಬಂದಳು. ಇಪ್ಪತ್ತು ದಿನ ಒಳಕೋಣೆಯಲ್ಲಿ ಮಲಗಿದಳು. ದೇವರ ದಯೆಯಿಂದ ಬದುಕಿದಳು. ಆದರೆ ಆ ಇಪ್ಪತ್ತು ದಿನದ ಸಂಬಳ ಬರಲಿಲ್ಲ, ಮನೆಯವರು ಎರಡು ಕುರಿ ಮಾರಿದರು. ತಿಂಗಳುಗಳ ನಂತರ ಆಕೆಯ ಹಳೆಯ ಸಂಬಳದ ಚೀಟಿ ನಮ್ಮ ಕೈಗೆ ಬಂತು. ಅದರಲ್ಲಿ ‘ಇ.ಎಸ್.ಐ.’ ಎಂದು ಬರೆದು ಹಣ ಹಿಡಿದಿದ್ದರು. ಇದೇನೆಂದು ಕೇಳಿದರೆ, “ಆಸ್ಪತ್ರೆ ದುಡ್ಡು ಫಾದರ್” ಎಂದಳು. ನಾವೂ ಅಷ್ಟೇ ಎಂದುಕೊಂಡಿದ್ದೆವು. ವಿಚಾರಿಸಿದ ಮೇಲೆ ತಿಳಿಯಿತು, ಅದು ಆಸ್ಪತ್ರೆಯ ದುಡ್ಡು ಮಾತ್ರವಲ್ಲ, ಕಾಯಿಲೆ ದಿನಗಳ ಕೂಲಿಯೂ ಹೌದು. ಅಷ್ಟರಲ್ಲಿ ವೈದ್ಯರ ಪ್ರಮಾಣಪತ್ರವಾಗಲಿ, ಪರೀಕ್ಷೆಯ ವರದಿಯಾಗಲಿ ಯಾರ ಬಳಿಯೂ ಇರಲಿಲ್ಲ. ಅರ್ಜಿಯನ್ನೇ ಹಾಕಲಿಲ್ಲ. ಓದು ಬಲ್ಲ ನಾವೇ ಮೊದಲು ವಿಚಾರಿಸಲಿಲ್ಲವಲ್ಲ ಎಂಬ ಕೊರಗು ಇಂದಿಗೂ ಇದೆ.

ಆದ್ದರಿಂದ ಈ ತಿಂಗಳು ಬೆಳೆಯ ಮಾತು ಬಿಟ್ಟು ಇದನ್ನು ಬರೆಯುತ್ತಿದ್ದೇವೆ.

ನೌಕರರ ರಾಜ್ಯ ವಿಮಾ ಕಾಯಿದೆ ಬಂದದ್ದು 1948ರಲ್ಲಿ. ಮಹಾಮಾರಿಯ ಕಾಲದಲ್ಲಿ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಲ್ಲಿ, ತಿಂಗಳಿಗೆ 21,000 ರೂ. ವರೆಗೆ ಸಂಬಳವಿದ್ದವರಿಗೆ ಇದು ಅನ್ವಯಿಸುತ್ತಿತ್ತು. 2019ರ ಜುಲೈನಿಂದ ಕೆಲಸಗಾರರ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕರ ಪಾಲು ನೂರಕ್ಕೆ ಮೂರೂಕಾಲು. 12,000 ರೂ. ಸಂಬಳವಾದರೆ ನಿಮ್ಮ ಮಗಳಿಂದ 90 ರೂ. ಹಿಡಿದು, ಮಾಲೀಕರು 390 ರೂ. ಸೇರಿಸಿ ಕಟ್ಟಬೇಕು. ಇದು ಯಾರೋ ಹಾಕುವ ಭಿಕ್ಷೆಯಲ್ಲ, ದುಡಿದು ಕಟ್ಟಿದ ಹಣ.

ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ ಸರಾಸರಿ ದಿನಗೂಲಿಯ ನೂರಕ್ಕೆ 70ರಂತೆ, ವರ್ಷಕ್ಕೆ 91 ದಿನಗಳವರೆಗೆ ಹಣ ಸಿಗುತ್ತಿತ್ತು. ಕೊರೊನಾ ತಗುಲಿದವರಿಗೂ ಇದು ಸಲ್ಲುತ್ತದೆ ಎಂದು ನಿಗಮವೇ ತಿಳಿಸಿತ್ತು. ದಿನಕ್ಕೆ 400 ರೂ. ಕೂಲಿ ಎಂದು ಇಟ್ಟುಕೊಳ್ಳಿ. ನೂರಕ್ಕೆ 70 ಎಂದರೆ 280 ರೂ. ಹೊಸದಾಗಿ ಕಾಯಿಲೆ ಬಿದ್ದಾಗ ಮೊದಲ ಎರಡು ದಿನಕ್ಕೆ ಹಣವಿಲ್ಲ. ಇಪ್ಪತ್ತು ದಿನದಲ್ಲಿ ಹದಿನೆಂಟು ಉಳಿಯಿತು, 5,040 ರೂ. ಆಯಿತು. ಆ ಎರಡು ಕುರಿ ಕೊಟ್ಟಿಗೆಯಲ್ಲೇ ಉಳಿಯಬಹುದಿತ್ತು.

ಒಂದು ತೊಡಕನ್ನೂ ಹೇಳಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 78 ದಿನದ ವಂತಿಗೆ ಕಟ್ಟಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಹಕ್ಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದರೆ ಜುಲೈನಿಂದ ಡಿಸೆಂಬರ್‌ವರೆಗೆ. ಹೊಲದಲ್ಲಿ ಮುಂಗಾರಿಗೆ ಬಿತ್ತಿದ್ದನ್ನು ಆಮೇಲೆ ಕೊಯ್ಯುವ ಹಾಗೆ. ಆದರೆ 2021ರ ಮೇ ತಿಂಗಳ ಕಾಯಿಲೆಗೆ ಲೆಕ್ಕಕ್ಕೆ ಬರುವುದು 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಂದರೆ ಲಾಕ್‌ಡೌನಿನ ತಿಂಗಳುಗಳು. ಫ್ಯಾಕ್ಟರಿ ಬಾಗಿಲು ಹಾಕಿದ್ದಾಗ 78 ದಿನ ತುಂಬಿಸುವುದು ಸುಲಭವಿರಲಿಲ್ಲ. ಎಲ್ಲರೂ ಕಷ್ಟದಲ್ಲಿದ್ದಾಗಲೇ ನಿಯಮ ಬಿಗಿಯಾಗಿ ಕಾಣುವುದು ಇಂಥಲ್ಲಿ.

ಇನ್ನು ಕೊರೊನಾದಿಂದ ತೀರಿಕೊಂಡ ವಿಮಾದಾರರ ಅವಲಂಬಿತರಿಗೆ, 2020ರ ಮಾರ್ಚ್ 24ರಿಂದ ಅನ್ವಯವಾಗುವಂತೆ, ಸರಾಸರಿ ಕೂಲಿಯ ನೂರಕ್ಕೆ 90ರಷ್ಟು ಕೊಡುವ ಯೋಜನೆ 2021ರಲ್ಲಿ ಬಂತು.

ನಮ್ಮ ಹೊಲದ ಆಳುಗಳ ಕಥೆ ಬೇರೆ. ಕಡಲೆಕಾಯಿ ಕೀಳುವವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? 2005ರ ಉದ್ಯೋಗ ಖಾತರಿ ಕಾಯಿದೆಯಲ್ಲೂ ಕೆಲಸದ ಜಾಗದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದವರಿಗೆ ಅರ್ಧ ಕೂಲಿಗೆ ಕಡಿಮೆಯಿಲ್ಲದ ಭತ್ಯೆಯ ಮಾತಿತ್ತು. ಮನೆಯಲ್ಲಿ ಜ್ವರದಿಂದ ಮಲಗಿದವರಿಗೆ ಏನೂ ಇರಲಿಲ್ಲ. ಆಂಧ್ರ ಸರ್ಕಾರ 2019ರ ಡಿಸೆಂಬರಿನಲ್ಲಿ ‘ಆರೋಗ್ಯ ಆಸರಾ’ ಎಂಬುದನ್ನು ಆರಂಭಿಸಿತು. ಆರೋಗ್ಯಶ್ರೀಯಲ್ಲಿ ಆಪರೇಷನ್ ಆಗಿ ವಿಶ್ರಾಂತಿಯಲ್ಲಿರುವ ಬಡವರಿಗೆ ದಿನಕ್ಕೆ 225 ರೂ., ತಿಂಗಳಿಗೆ ಹೆಚ್ಚೆಂದರೆ 5,000 ರೂ. ಕೊಡುವ ಏರ್ಪಾಡು ಅದು. ಕೂಲಿಕಾರರ ಕಾಯಿಲೆ ದಿನಕ್ಕೂ ಬೆಲೆಯಿದೆ ಎಂದು ಸರ್ಕಾರವೊಂದು ಒಪ್ಪಿಕೊಂಡದ್ದು ನಮಗೆ ದೊಡ್ಡ ಮಾತಾಗಿ ಕಂಡಿತು. 2024ರಲ್ಲಿ ಸರ್ಕಾರ ಬದಲಾಗಿ ಆರೋಗ್ಯಶ್ರೀ ಈಗ ಎನ್.ಟಿ.ಆರ್. ವೈದ್ಯ ಸೇವೆ ಎನಿಸಿಕೊಂಡಿದೆ. ಯಾರಿಗಾದರೂ ಆಪರೇಷನ್ ಆದರೆ, ಮನೆಗೆ ಹೊರಡುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು ವಿಶ್ರಾಂತಿ ಭತ್ಯೆಯ ಬಗ್ಗೆ ಕೇಳಿ.

ಇದರಲ್ಲಿ ಆರೋಗ್ಯದ ಪ್ರಶ್ನೆಯೂ ಇದೆ. ಕೂಲಿ ತಪ್ಪುತ್ತದೆಂಬ ಭಯಕ್ಕೆ ಜ್ವರದ ಮೈಯಲ್ಲೇ ಎದ್ದು ಹೋದವರು ಬಸ್ಸಿನಲ್ಲಿ ಕೆಮ್ಮುತ್ತಾರೆ, ಯಂತ್ರದ ಸಾಲಿನಲ್ಲಿ ಕೆಮ್ಮುತ್ತಾರೆ, ಹುಳುಮನೆಯಲ್ಲಿ ಸೊಪ್ಪು ಹಾಕುತ್ತಾ ಕೆಮ್ಮುತ್ತಾರೆ. ಇದನ್ನು ತಡೆಯಲೆಂದೇ ಇಂಗ್ಲೆಂಡಿನಲ್ಲಿ 2020ರ ಮಾರ್ಚ್‌ನಲ್ಲಿ, ಕೊರೊನಾ ಬಂದವರಿಗೆ ಮೊದಲ ಮೂರು ದಿನ ಕಾಯುವ ನಿಯಮ ಬಿಟ್ಟು, ಮೊದಲ ದಿನದಿಂದಲೇ ಕಾಯಿಲೆ ಕೂಲಿ ಕೊಡಲು ತೊಡಗಿದರು. ಔಷಧದಷ್ಟೇ ಇದೂ ರೋಗ ತಡೆಯುವ ಕೆಲಸ.

ಪ್ರಭು ಯೇಸು ಹೇಳಿದ ಸಮಾರಿಯದವನ ಕಥೆ ಎಲ್ಲರೂ ಬಲ್ಲಿರಿ. ಅವನು ಗಾಯಕ್ಕೆ ಎಣ್ಣೆ ಹಚ್ಚಿ ಹೊರಟುಬಿಡಲಿಲ್ಲ. ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದ. ಬೋಧನೆಯಲ್ಲಿ ನಾವು ಎಣ್ಣೆಯ ಮಾತನ್ನೇ ಹೆಚ್ಚು ಆಡುತ್ತೇವೆ, ನಾಣ್ಯದ ಮಾತು ಕಡಿಮೆ. ನಮ್ಮೂರುಗಳಲ್ಲಿ ಮೊದಲು ಮುಯ್ಯಾಳು ಇತ್ತು. ಕಾಯಿಲೆಯಾದವರ ಹೊಲಕ್ಕೆ ನೆರೆಯವರು ಹೋಗಿ ಕಳೆ ತೆಗೆದು ಬರುತ್ತಿದ್ದರು. ಇಂದಿಗೂ ಮಾಡುವವರಿದ್ದಾರೆ. ಆದರೆ ಬೆಂಗಳೂರಿನ ಯಂತ್ರದ ಮುಂದೆ ನಿಮ್ಮ ಮಗಳಿಗೆ ಮುಯ್ಯಿ ತೀರಿಸುವವರು ಯಾರು?

ಈಗ ಮಾಡಬೇಕಾದದ್ದು. ಮಕ್ಕಳ ವಿಮಾ ಸಂಖ್ಯೆಯನ್ನು ಮನೆಯಲ್ಲೂ ಬರೆದಿಡಿ. ಇ.ಎಸ್.ಐ. ಕೇಂದ್ರ ಸರ್ಕಾರದ್ದು; ಆಂಧ್ರದ ರೇಷನ್ ಕಾರ್ಡಿದ್ದು ಕರ್ನಾಟಕದಲ್ಲಿ ದುಡಿದರೂ ಹಕ್ಕಿಗೆ ಕುಂದಿಲ್ಲ. ಕಾಯಿಲೆಯಾದರೆ ಬಸ್ಸು ಹತ್ತುವ ಮೊದಲು ಇ.ಎಸ್.ಐ. ಡಿಸ್ಪೆನ್ಸರಿಯ ವೈದ್ಯರಿಗೆ ತೋರಿಸಿ ಪ್ರಮಾಣಪತ್ರ ಪಡೆಯಲಿ. ಊರಿಗೆ ಬಂದ ಮೇಲೆ ಕಾಯಿಲೆ ಬಿದ್ದರೆ ಅಂದೇ ಕಾರ್ಖಾನೆಗೆ ತಿಳಿಸಿ; ತೋರಿಸಿದ ವೈದ್ಯರ ಚೀಟಿ, ರಕ್ತಪರೀಕ್ಷೆಯ ಕಾಗದ ಒಂದನ್ನೂ ಒಲೆಗೆ ಹಾಕಬೇಡಿ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1948ರ ಕಾಯಿದೆಯ ಜಾಗ ತೆಗೆದುಕೊಂಡಿದೆ. ಆದ್ದರಿಂದ ಅರ್ಜಿ ಹಾಕುವಾಗ ಅಂದಿನ ದರ, ದಿನಗಳನ್ನು ಶಾಖಾ ಕಚೇರಿಯಲ್ಲೇ ಕೇಳಿಕೊಳ್ಳಿ.

ಹಬ್ಬಕ್ಕೆ ಮಕ್ಕಳು ಬಂದಾಗ ಸಂಬಳದ ಚೀಟಿ ತರಲು ಹೇಳಿ. ಭಾನುವಾರ ಬಲಿಪೂಜೆಯ ನಂತರ ಗುರುನಿವಾಸದ ಜಗಲಿಯಲ್ಲಿ ಕೂತು ನೋಡೋಣ. ಆ ಚೀಟಿಗಳ ಅಕ್ಷರ ಬಹಳ ಸಣ್ಣದು, ನಾವು ಕನ್ನಡಕ ಮರೆಯದೆ ತರುತ್ತೇವೆ.